ಫರಾರಿ ಎಂದು ಬರೆದ ಹಿಂಗಾರಿ

ಊರಲ್ಲಿದ್ದ ನಮ್ಮ ಮನೆ ಜಾಗದ ದಾಖಲೆಯ ನಕಲು ಬೇಕಾಗಿ ನಾರಾಯಣಪೇಟೆಯ ಕಚೇರಿಗೆ ಹೋಗಿದ್ದೆ. ಗುಮಾಸ್ತ ಕೆಂಪು ಬಟ್ಟೆಯ ಗಂಟೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದ. ಬಿಚ್ಚಿದ ಕೂಡಲೇ ಬಜೆಯ ವಾಸನೆ ಮೂಗಿಗೆ ಹೊಡೆಯಿತು. ಹುಳ ಹತ್ತಬಾರದೆಂದು ಕಾಗದಗಳ ನಡುವೆ ಬಜೆಯ ತುಂಡು ಇಡುವುದು ನಮ್ಮಪ್ಪನ ಪದ್ಧತಿ. ಅವರು ನಿಜಾಮರ ಕಾಲದಲ್ಲಿ, ಮಕ್ತಲ್‌ನಿಂದ ಎರಡು ಹರದಾರಿ ಆಚೆಯ ನಮ್ಮೂರಿಗೆ ಪಟ್ವಾರಿಯಾಗಿದ್ದರು. ಊರಿನ ಹೊಲ, ಬೆಳೆ, ಹುಟ್ಟು, ಸಾವು ಎಲ್ಲವೂ ಅವರ ಲೇಖಣಿಯ ತುದಿಯಿಂದಲೇ ಸರಕಾರಕ್ಕೆ ಗೊತ್ತಾಗಬೇಕಿತ್ತು.

ನನಗೆ ಬೇಕಾದ ಪುಟ ಹುಡುಕುವಾಗ ಬೇರೊಂದು ಪುಟ ತೆರೆದುಕೊಂಡಿತು. ಅಪ್ಪನ ದುಂಡನೆಯ ಅಕ್ಷರ. ಒಂದರ ಕೆಳಗೊಂದು ಮುಸಲ್ಮಾನರ ಹೆಸರುಗಳು. ಪ್ರತಿ ಹೆಸರಿನ ಎದುರಿಗೂ ಒಂದೇ ಪದ: ಫರಾರಿ. ಓಡಿಹೋದವನು, ತಲೆತಪ್ಪಿಸಿಕೊಂಡವನು.

ಅವರಲ್ಲಿ ಒಬ್ಬರೂ ಓಡಿಹೋಗಿರಲಿಲ್ಲ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವನು. ಆಧಾರವಿಲ್ಲದ ಮಾತು ಬರೆದವರ ಉತ್ತರಪತ್ರಿಕೆಗೆ ಕೆಂಪು ಗೀಟು ಎಳೆದವನು. ಈಗ ಬರೆಯುತ್ತಿರುವುದಕ್ಕೆ ನನ್ನ ಬಳಿ ಇರುವ ಆಧಾರ ನನ್ನ ನೆನಪೊಂದೇ. ಅದು ಎಂಥ ಸಾಕ್ಷಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ವರ್ಷದ ಮಳೆ ಎಂದು ನನಗೆ ನೆನಪಿರುವುದು ಬೇರೆ ವರ್ಷದ್ದಿರಬಹುದು. ಯಾರೋ ಹೇಳಿದ್ದನ್ನು ನಾನೇ ಕಂಡಂತೆ ಇಟ್ಟುಕೊಂಡಿರಬಹುದು. ಆದರೂ ಬರೆಯುತ್ತೇನೆ. ನನ್ನ ನೆನಪು ಎಷ್ಟೇ ಕೆಟ್ಟದ್ದಾದರೂ ಆ ಪುಟಕ್ಕಿಂತ ದೊಡ್ಡ ಸುಳ್ಳಾಗಲಾರದು.

ಅದು ನಲವತ್ತೆಂಟನೆಯ ಇಸವಿ, ಆಗ ನನಗೆ ಇಪ್ಪತ್ತು. ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದೆ. ಗಲಭೆಯಿಂದ ತರಗತಿಗಳು ನಿಂತು ಊರಿಗೆ ಬಂದಿದ್ದೆ. ಹಿಂದಿನ ವರ್ಷ ನಿಜಾಮರ ಪರವಾದ ಖಾಕಿ ದಳದವರು ಪಕ್ಕದೂರಿನ ಬಣವೆಗಳಿಗೆ ಬೆಂಕಿಯಿಟ್ಟಿದ್ದರು. ನನ್ನ ಸೋದರಮಾವನ ಕೈ ಮುರಿದಿದ್ದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಆಮೇಲೆ ನಡೆದದ್ದಕ್ಕೆಲ್ಲ ಊರಿನವರು ಇದನ್ನೇ ಉತ್ತರವಾಗಿ ಹೇಳುತ್ತಿದ್ದರು. ಆದರೆ ಮಾವನ ಕೈ ಮುರಿದವರು ಎಲ್ಲಿಂದಲೋ ಲಾರಿಯಲ್ಲಿ ಬಂದು ಹೋದವರು. ಲೆಕ್ಕ ಚುಕ್ತಾ ಆದದ್ದು ನಮ್ಮೂರ ಪಿಂಜಾರರ ಓಣಿಯಲ್ಲಿ.

ಆ ಓಣಿಯ ಮೊದಲ ಮನೆ ಮೌಲಾಲಿಯದು. ಹತ್ತಿ ಹಿಂಜಿ ಗಾದಿ ತುಂಬುವುದು ಅವನ ಕಸುಬು. ಕೆರೆಯ ಹಿಂದೆ ಮೂರೆಕರೆ ಕರಿ ಹೊಲವೂ ಇತ್ತು. ಪಿಂಜಾರರ ಮನೆಮಾತು ನಮ್ಮದೇ ಕನ್ನಡ. ನಮಾಜಿಗೆ ಕೂತಾಗಲಷ್ಟೇ ಬೇರೆ ಭಾಷೆ. ನನ್ನನ್ನು ಕಂಡರೆ ಅವನು ಹತ್ತಿ ಹಿಂಜುವ ಬಿಲ್ಲು ನಿಲ್ಲಿಸಿ, "ಏನ್ ಗುರಣ್ಣ, ನಿಮ್ಮ ಕಾಲೇಜಿನ್ಯಾಗ ಹತ್ತಿ ಹಿಂಜಾಕ ಕಲಸ್ತಾರೇನು? ಇಲ್ಲಂದ್ರ ಇಷ್ಟು ವರ್ಷ ಅಲ್ಲಿ ಏನ್ ಹಿಂಜಾಕ ಹತ್ತೀರಿ?" ಎಂದು ಕೆಣಕುತ್ತಿದ್ದ. ಅವನ ಹೆಂಡತಿ ಖಾಜಾಬಿ ಒಳಗಿನಿಂದಲೇ, ಅವರು ಮಾತು ಹಿಂಜತಾರ, ನೀ ಸುಮ್ನಿರು ಎನ್ನುತ್ತಿದ್ದಳು. ಖಾಕಿ ದಳದವರು ಬಂದಾಗ ಮೌಲಾಲಿ ಒಂದು ದಿನ ಅವರ ಟೊಪ್ಪಿಗೆ ಹಾಕಿಕೊಂಡು ಕೋಲು ಹಿಡಿದು ಕವಾಯತು ಮಾಡಿದ್ದ. ಎಡಗಾಲು ಯಾವುದು ಬಲಗಾಲು ಯಾವುದು ತಿಳಿಯದೆ ಊರೆಲ್ಲ ನಗುವಂತೆ ಮಾಡಿದ್ದ. ಅದೊಂದು ದಿನದ ಟೊಪ್ಪಿಗೆ ಊರಿನ ಕಣ್ಣಲ್ಲಿ ಉಳಿಯಿತು.

ಭಾದ್ರಪದದಲ್ಲಿ ಹಿಂದುಸ್ಥಾನದ ಫೌಜು ಬಂತು. ಐದು ದಿನದಲ್ಲಿ ನಿಜಾಮರ ರಾಜ್ಯ ಶರಣಾಯಿತು. ಫೌಜು ನಮ್ಮೂರನ್ನು ಹಾಯಲಿಲ್ಲ. ಮಕ್ತಲ್ ರಸ್ತೆಯ ಧೂಳಷ್ಟೇ ನಮಗೆ ಕಂಡದ್ದು. ಆ ಮೇಲಿನ ವಾರ ಎರಡು ಮಳೆ ಚೆನ್ನಾಗಿ ಬಿದ್ದು ಹೊಲ ಹದಕ್ಕೆ ಬಂತು. ಹಿಂಗಾರಿ ಜೋಳ ಬಿತ್ತಲು ಇಡೀ ಊರು ಹೊಲದಲ್ಲಿತ್ತು. ಮೌಲಾಲಿಯೂ ಬಿತ್ತಿದ. ಅವನ ಕೂರಿಗೆಯ ಹಿಂದೆ ಖಾಜಾಬಿ ನಡೆಯುತ್ತಿದ್ದುದನ್ನು ನಾನು ಕೆರೆಯ ಏರಿಯಿಂದ ನೋಡಿದೆ. ಇದು ಖಂಡಿತ ನೆನಪು. ಅವಳ ತಲೆಯ ಮೇಲೆ ಹಸಿರು ಅಂಚಿನ ಸೆರಗಿತ್ತು.

ಬಿತ್ತನೆ ಮುಗಿದ ಮೇಲೆ ಒಂದು ಮುಂಜಾನೆ ಹೊರಗಿನ ಹತ್ತಿಪ್ಪತ್ತು ಮಂದಿ ಬಂದರು. ಅವರ ಜೊತೆ ಕಂದಾಯ ವಸೂಲಿ ಮಾಡುವ ನಮ್ಮೂರ ಮಾಲಿ ಪಟೇಲರ ತಮ್ಮ ಸಂಗಪ್ಪನೂ ಇದ್ದ. ಊರಲ್ಲಿ ಹತಾರ ಬಚ್ಚಿಟ್ಟಿದ್ದಾರೆ, ತಪಾಸಣೆ ಆಗಬೇಕು, ಪಿಂಜಾರರ ಓಣಿಯ ಗಂಡಸರನ್ನು ಚಾವಡಿಗೆ ಕರೆಸಿ ಎಂದರು. ಅಪ್ಪ ಬಸ್ತೆಯ ಗಂಟು ಬಿಚ್ಚಿ ರಿಜಿಸ್ಟರು ತೆಗೆದು ಹೆಸರು ಕೂಗಿದರು. ನಿಜಾಮರ ಕಚೇರಿಯ ಶಿಸ್ತು ಅದು. ಹೆಸರು ಕೂಗಿದರೆ ಇದ್ದವನು "ಹಾಜರ್" ಎನ್ನಬೇಕು. ಒಬ್ಬೊಬ್ಬರೂ ಹಾಜರ್ ಎಂದು ಹೇಳಿ ಎದ್ದು ಒಂದು ಬದಿಗೆ ನಿಂತರು. ಮೌಲಾಲಿ ಹತ್ತಿಯ ಎಳೆ ಮೈಮೇಲೆ ಹಾಗೇ ಇಟ್ಟುಕೊಂಡು ಬಂದಿದ್ದ. "ಹಾಜರ್ ಅದೀನ್ರಿ ರಾಯರ, ಲಗೂನ ಬಿಡ್ರಿ, ಗಾದಿ ಅರ್ಧ ಆಗೈತಿ" ಎಂದನಂತೆ. ನಾನು ಅಲ್ಲಿರಲಿಲ್ಲ. ಅಪ್ಪ ನನ್ನನ್ನು ಮನೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿ ಹೋಗಿದ್ದರು.

ಅವರನ್ನು ಕೆರೆಯಾಚೆಯ ಪಾಳುಬಾವಿಗೆ ಕರೆದೊಯ್ದರು. ಮಧ್ಯಾಹ್ನದ ಹೊತ್ತಿಗೆ ಕರೆದೊಯ್ದವರು ಮಾತ್ರ ತಿರುಗಿ ಬಂದರು. ಬಾವಿಗೆ ಕಲ್ಲು ತುಂಬಿದ್ದರು.

ಅಪ್ಪ ಮನೆಗೆ ಬಂದು ಪಂಚೆ ಬದಲಿಸಲಿಲ್ಲ, ಊಟ ಮಾಡಲಿಲ್ಲ. "ತಪಾಸಣೆ ಅಂದ್ರು. ನಾ ಹೆಸರು ಓದಿದೆ" ಎಂದರು, ಅಷ್ಟೇ. ಮರುದಿನವೂ ಮೌಲಾಲಿಯ ಬಿಲ್ಲಿನ ಟಣ್ ಟಣ್ ಸದ್ದು ಕೇಳಿದ ನೆನಪು ನನಗಿದೆ. ಅದು ಸಾಧ್ಯವಿಲ್ಲ. ನನ್ನ ನೆನಪನ್ನು ನಾನು ಎಷ್ಟು ನಂಬಬಹುದು ಎಂಬುದಕ್ಕೆ ಇದನ್ನೂ ಬರೆದಿಟ್ಟಿದ್ದೇನೆ.

ಓಣಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನಾರಾಯಣಪೇಟೆಗೆ ಹೋದರು. ಅಲ್ಲಿ ಸೀರೆ ನೇಯುವ ಮನೆಗಳಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸ ಸಿಕ್ಕಿತು. ಖಾಜಾಬಿಗೆ ನೇಕಾರರೊಬ್ಬರ ಮನೆಯ ಪಡಸಾಲೆಯಲ್ಲಿ ಜಾಗ ಸಿಕ್ಕಿತು. ಅದಾದ ಹದಿನೈದು ದಿನಕ್ಕೆ ಮಕ್ತಲ್‌ನ ತಹಸೀಲಿನಿಂದ ತಾಕೀತು ಬಂತು: ಊರಲ್ಲಿ ಇಲ್ಲದವರ ವಿವರ ಬರೆಯಿರಿ. ಅಪ್ಪ ಎರಡು ದಿನ ರಿಜಿಸ್ಟರು ಮುಟ್ಟಲಿಲ್ಲ. ಫೌತಿ, ಅಂದರೆ ಸತ್ತ, ಎಂದು ಬರೆದರೆ ಹೇಗೆ ಸತ್ತ ಎಂದು ಬರೆಯಬೇಕು. ಕತ್ಲ್, ಅಂದರೆ ಕೊಲೆ, ಎಂದು ಬರೆದರೆ ಪಂಚನಾಮೆ ಬೇಕು, ಐದು ಜನ ಪಂಚರ ಹೆಬ್ಬೆಟ್ಟು ಬೇಕು. ಫರಾರಿ ಎಂದರೆ ಏನೂ ಬೇಡ. ಓಡಿಹೋದವನಿಗೆ ಸಾಕ್ಷಿ ಯಾರು ಕೇಳುತ್ತಾರೆ?

ಫರಾರಿ ಎಂದು ಬರೆದದ್ದರಿಂದ ಆದದ್ದು ಎರಡು. ಪೊಲೀಸ್ ಜವಾನರು ನಾರಾಯಣಪೇಟೆಗೆ ಹೋಗಿ, ಗಂಡನನ್ನು ಎಲ್ಲಿ ಬಚ್ಚಿಟ್ಟೀದಿ ಎಂದು ಖಾಜಾಬಿಯನ್ನು ವಾರಕ್ಕೊಮ್ಮೆ ಕೇಳತೊಡಗಿದರು. ಫರಾರಿಯಾದವನ ಹೊಲ ಖಾಲಿಯೆಂದು ಲೆಕ್ಕವಾಗಿ, ಅದನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಸಂಗಪ್ಪ ಅರ್ಜಿ ಹಾಕಿದ.

ನಾನು ಅಪ್ಪನ ಜೊತೆ ಜಗಳವಾಡಿ ನಾರಾಯಣಪೇಟೆಗೆ ಹೋದೆ. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಪ್ಯಾರಿಸ್ ತುಂಬಿಕೊಂಡಿತ್ತು. ಫೌಜು ಬರುವ ಮೊದಲೇ ನಿಜಾಮರ ಸರಕಾರ ಜಗತ್ತಿನ ರಾಷ್ಟ್ರಗಳ ಸಭೆಗೆ ದೂರು ಕೊಟ್ಟಿತ್ತು. ಆ ಸಭೆ ಪ್ಯಾರಿಸಿನಲ್ಲಿ ಕೂತಿತ್ತು. ದೂರು ವಾಪಸಾಯಿತು ಎಂದು ಪತ್ರಿಕೆಯಲ್ಲಿ ಬಂದಿತ್ತು ನಿಜ. ರಾಜನ ದೂರು ರಾಜ ಹಿಂತೆಗೆದ, ಪ್ರಜೆಯ ದೂರು ಇನ್ನೂ ಕೊಟ್ಟೇ ಇಲ್ಲವಲ್ಲ ಎಂಬುದು ನನ್ನ ತರ್ಕ. ಇಪ್ಪತ್ತರ ವಯಸ್ಸಿನ ತರ್ಕ.

ಪ್ಯಾರಿಸಿನ ಸಭೆಗೆ ನಿನ್ನ ದೂರು ಬರೆಯುತ್ತೇನೆ ಎಂದ ನನ್ನ ಮಾತನ್ನು ಖಾಜಾಬಿ ಕಂಡಿಕೆ ಸುತ್ತುವುದನ್ನು ನಿಲ್ಲಿಸದೆ ಕೇಳಿದಳು. ಆ ಮಂದಿಗೆ ಮಕ್ತಲ್ ಎಲ್ಲೈತಿ ಗೊತ್ತೈತೇನು ಎಂದಳು. ಗೊತ್ತಿರಲಿಕ್ಕಿಲ್ಲ ಎಂದೆ. ಹಾಗಾದರೆ ಮೊದಲು ದಾರಿ ಬರೆ, ರಾಯಚೂರಿನಿಂದ ಬರುವುದು ಹೇಗೆಂದು ಬರೆ ಎಂದಳು. ನಾನು ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದೆ. ಅವಳು ಕನ್ನಡದಲ್ಲಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಲಾರೆ ಎಂದಳು. ಓದತೊಡಗಿದೆ. ಕಾಲೇಜು ಕಲಿಸಿದ ಜಾಗರೂಕತೆಯಿಂದ, "ಇವರನ್ನು ಕೊಲ್ಲಲಾಗಿದೆ ಎಂದು ಹೇಳಲಾಗುತ್ತದೆ" ಎಂದು ಬರೆದಿದ್ದೆ.

ಅವಳ ಕೈ ನಿಂತಿತು. "ಹೇಳಲಾಗತೈತಿ ಅಂದ್ರ ಯಾರು ಹೇಳಾಕ ಹತ್ಯಾರ?"

ಕಾಗದದಲ್ಲಿ ಹಾಗೆ ಬರೆಯುವುದು ರೂಢಿ ಎಂದೆ.

"ರೂಢಿ ಬ್ಯಾಡ. ನಾ ಹೇಳಾಕ ಹತ್ತೀನಿ. ಖಾಜಾಬಿ ಹೇಳತಾಳ ಅಂತ ಬರಿ. ಗುರುತು ಸಿಗದವರ ಮಾತು ಅವರ್ಯಾಕ ಕೇಳ್ಯಾರು?"

ಹಾಗೇ ತಿದ್ದಿದೆ. ನನ್ನ ಜೀವನದಲ್ಲಿ ನಾನು ಬರೆದ ಒಂದೇ ಒಂದು ಒಳ್ಳೆಯ ವಾಕ್ಯ ಅದು. ಅದೂ ನನ್ನದಲ್ಲ.

ಮಕ್ತಲ್‌ನ ಅಂಚೆಯವರು ಅಪ್ಪನ ಪರಿಚಯದವರು. ಅದಕ್ಕಾಗಿ ಹರಿಗೋಲಿನಲ್ಲಿ ಕೃಷ್ಣೆ ದಾಟಿ ಗದ್ವಾಲಕ್ಕೆ ಹೋಗಿ ರಿಜಿಸ್ಟರ್ ಮಾಡಿದೆ. ಹೊಳೆ ಇಳಿದಿತ್ತು, ನೀರು ಇನ್ನೂ ಕೆಂಪಿತ್ತು. ಹರಿಗೋಲಿನವನು ಏನು ಸಾಗಿಸಲು ಹೊರಟಿದ್ದೀರಿ ಎಂದು ಕೇಳಿದ. ಕಾಗದ ಎಂದೆ. ಕಾಗದಕ್ಕಿಷ್ಟು ದೂರವೇ ಎಂದು ನಕ್ಕ.

ಉತ್ತರಕ್ಕಾಗಿ ಕಾಯುವ ನೆಪದಲ್ಲಿ ಮೂರು ಸಲ ಗದ್ವಾಲಕ್ಕೆ ಹೋದೆ. ಮೂರೋ ಎರಡೋ. ಉತ್ತರ ಬರಲೇ ಇಲ್ಲ. ಅಲ್ಲಿನ ವಕೀಲರೊಬ್ಬರ ಮನೆಗೆ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು, ವಾರ ತಡವಾಗಿ. ಮಾರ್ಗಶಿರದ ಚಳಿಯಲ್ಲಿ ಅವರ ಕಟ್ಟೆಯ ಮೇಲೆ ಕೂತು ಒಂದು ಸುದ್ದಿ ಓದಿದೆ. ಅದೇ ಪ್ಯಾರಿಸಿನಲ್ಲಿ ರಾಷ್ಟ್ರಗಳೆಲ್ಲ ಸೇರಿ ಒಂದು ಒಪ್ಪಂದ ಮಾಡಿದ್ದವು. ಒಂದು ಜನಾಂಗವನ್ನೋ ಮತದವರನ್ನೋ ಅಳಿಸಲೆಂದು ಕೊಲ್ಲುವುದಕ್ಕೆ ಹೊಸದೊಂದು ಇಂಗ್ಲಿಷ್ ಪದ ಹುಟ್ಟಿತ್ತು. ಅದು ಇಡೀ ಲೋಕದ ವಿರುದ್ಧದ ಅಪರಾಧ, ತಡೆಯುವುದು ಎಲ್ಲರ ಹೊಣೆ ಎಂದು ಬರೆದಿತ್ತು. ನಾನು ರೋಮಾಂಚನಗೊಂಡೆ. ಹೈದರಾಬಾದಿನ ವಿಷಯ ಎಲ್ಲಿದೆ ಎಂದು ಮುಂದಿನ ಪುಟ, ಅದರ ಮುಂದಿನ ಪುಟ ತಿರುವಿದೆ. ಇರಲಿಲ್ಲ. ಬಹಳ ವರ್ಷಗಳ ಮೇಲೆ ಓದಿ ತಿಳಿದುಕೊಂಡೆ: ಆ ವಿಷಯವನ್ನು ಅವರು ತೀರ್ಮಾನಿಸಲೂ ಇಲ್ಲ, ಕೈಬಿಡಲೂ ಇಲ್ಲ. ಪಟ್ಟಿಯಲ್ಲಿ ಹಾಗೇ ಇಟ್ಟುಕೊಂಡರು. ದೆಹಲಿಯಿಂದ ಕೆಲವು ಸಜ್ಜನರು ಬಂದು ಊರೂರು ತಿರುಗಿ, ಕಂಡದ್ದನ್ನು ಬರೆದುಕೊಟ್ಟರು. ಅದೂ ಬಹುಕಾಲ ಬೀರುವಿನಲ್ಲಿತ್ತು. ಫರಾರಿ ಎಂದು ಬರೆಯಲು ನಮ್ಮಪ್ಪನಂಥ ಪಟ್ವಾರಿಯೇ ಬೇಕೆಂದಿಲ್ಲ.

ಆ ದೊಡ್ಡ ಪದ ನಮ್ಮೂರ ಬಾವಿಗೆ ಹೊಂದುತ್ತದೆಯೇ ಎಂಬುದನ್ನು ನಾನು ಇಂದಿಗೂ ತೀರ್ಮಾನಿಸಿಲ್ಲ. ಕಾನೂನು ಓದಿದವರು ವಾದಿಸಲಿ. ಗದ್ವಾಲದಿಂದ ನೇರ ನಾರಾಯಣಪೇಟೆಗೆ ಹೋಗಿ ಖಾಜಾಬಿಗೆ ಆ ಪದದ ಅರ್ಥ ವಿವರಿಸಿದ್ದು ಮಾತ್ರ ನೆನಪಿದೆ. ಅವಳು ಪೂರ್ತಿ ಕೇಳಿದಳು.

"ಹೊಸಾ ಪದ ಯಾಕ ಬೇಕಾತು ಗುರಣ್ಣ?" ಎಂದಳು. "ಹಳೇದ ಬರಿಯಾಕ ಯಾರಿಗೂ ಕೈ ಬರವಲ್ದು."

ಜೋಳ ಹೊಡೆ ಬಿಟ್ಟಿತು, ಹಾಲು ತುಂಬಿತು, ತೆನೆ ಗಟ್ಟಿಯಾಯಿತು. ಆ ವರ್ಷ ಇಬ್ಬನಿ ಚೆನ್ನಾಗಿ ಬಿದ್ದಿತ್ತು. ಮೌಲಾಲಿಯ ಹೊಲಕ್ಕೆ ಕಳೆ ತೆಗೆಯುವವರಿಲ್ಲದಿದ್ದರೂ ಆಳೆತ್ತರ ಬೆಳೆದು ನಿಂತಿತ್ತು. ಮಾಘದಲ್ಲಿ ತಹಸೀಲ್ದಾರರು ಹಿಂಗಾರಿ ಬೆಳೆಯ ಪಹಣಿ ನೋಡಲು ಚಾವಡಿಗೆ ಬಂದರು. ಹೊಸಬರು, ಎಲ್ಲಿಂದಲೋ ಬಂದವರು, ಕೆಟ್ಟವರಲ್ಲ. ಹೆಸರು ಓದಿಸಿ, ಯಾರದಾದರೂ ಉಜುರು ಇದ್ದರೆ, ಅಂದರೆ ತಕರಾರು ಇದ್ದರೆ, ಈಗಲೇ ಹೇಳಿ ಎಂದರು. ಪಟೇಲರ ಪಕ್ಕದಲ್ಲಿ ಸಂಗಪ್ಪ ಹೊಸ ರುಮಾಲು ಸುತ್ತಿ ಕೂತಿದ್ದ.

ನಾರಾಯಣಪೇಟೆಯಿಂದ ಹೆಂಗಸರು ನಡೆದುಕೊಂಡು ಬಂದಿದ್ದರು. ದಿನ ತಿಳಿಸಿದ್ದು ನಾನೇ. ಅವರು ಚಾವಡಿಯ ಕೆಳಗೆ, ಬೇವಿನ ನೆರಳಲ್ಲಿ ಕೂತರು.

ಅಪ್ಪ ಓದುತ್ತ ಓದುತ್ತ ಪಿಂಜಾರರ ಓಣಿಗೆ ಬಂದರು. ದನಿ ಸಣ್ಣದಾಯಿತು. "ಮೌಲಾಲಿ ವಲದ್ ಹುಸೇನಸಾಬ. ಫರಾರಿ."

"ಹಾಜರ್," ಎಂದಳು ಖಾಜಾಬಿ.

ಎಲ್ಲರೂ ತಿರುಗಿ ನೋಡಿದರು. ತಹಸೀಲ್ದಾರರು ಯಾರು ಹಾಜರ್ ಎಂದು ಕೇಳಿದರು.

"ನನ್ನ ಗಂಡ ಹಾಜರ್ ಅದಾನ್ರಿ. ಓಡಿ ಹೋಗಿಲ್ಲ. ಈ ರಾಯರು ಹೆಸರು ಕೂಗ್ಯಾರ, ಅವ ಹಾಜರ್ ಅಂದಾನ. ಕೆರಿ ಆಚಿ ಬಾವ್ಯಾಗ ಅದಾನ. ಕಲ್ಲು ತಗಸ್ರಿ, ಇನ್ನೊಮ್ಮಿ ಕೂಗ್ರಿ."

ಅಪ್ಪ ಮುಂದಿನ ಹೆಸರು ಓದಿದರು. ಅದು ಅವರ ತಪ್ಪೋ, ಅಭ್ಯಾಸಬಲವೋ, ಬೇಕೆಂದೇ ಮಾಡಿದ್ದೋ ನನಗೆ ತಿಳಿಯದು. ಇನ್ನೊಬ್ಬ ಹೆಂಗಸು ಹಾಜರ್ ಎಂದಳು. ಮತ್ತೊಂದು ಹೆಸರು, ಮತ್ತೊಂದು ಹಾಜರ್. ಒಬ್ಬ ಮುದುಕಿಗೆ ಇಬ್ಬರು ಮಕ್ಕಳು ಹೋಗಿದ್ದರು. ಅವಳು ಎರಡು ಸಲ ಹೇಳಿದಳು, ಎರಡನೆಯದು ಮೊದಲಿಗಿಂತ ಜೋರಾಗಿ. ಚಾವಡಿಯಲ್ಲಿ ಕೂತ ಗಂಡಸರು ತಮ್ಮ ತಮ್ಮ ಕಾಲ ಹೆಬ್ಬೆರಳು ನೋಡುತ್ತಿದ್ದರು.

ತಹಸೀಲ್ದಾರರು ಜಾಣರು. ಖಾಜಾಬಿಯನ್ನು ಮೇಲೆ ಕರೆದು ಮೃದುವಾಗಿ ಹೇಳಿದರು: ಫರಾರಿ ತೆಗೆಸಿ ಫೌತಿ ಎಂದು ಬರೆಸುತ್ತೇನೆ, ಹೊಲ ಇಂದೇ ನಿನ್ನ ಹೆಸರಿಗಾಗುತ್ತದೆ, ಜವಾನರ ಕಾಟವೂ ತಪ್ಪುತ್ತದೆ. ಸತ್ತದ್ದಂತೂ ಸತ್ತದ್ದೇ ಅಲ್ಲವೇ? ನನಗೆ ಎದೆ ಹಗುರಾಯಿತು. ಒಪ್ಪಿಕೊ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

"ಫೌತಿ ಅಂದ್ರ ಜ್ವರ ಬಂದು ಸತ್ತವರಿಗೆ ಬರೀತಾರ್ರಿ," ಎಂದಳು ಅವಳು. "ನನ್ನ ಗಂಡಗ ಜ್ವರ ಬಂದಿರಲಿಲ್ಲ. ಕತ್ಲ್ ಅಂತ ಬರೀರಿ. ಯಾರು ಮಾಡ್ಯಾರ ಅಂತ ಕೇಳ್ರಿ, ಹೇಳತೀನಿ. ಅಷ್ಟು ದೂರ ಹೋಗೋದ ಬ್ಯಾಡ, ಇಲ್ಲೇ ಕುಂತಾರ."

ತಹಸೀಲ್ದಾರರು ರಿಜಿಸ್ಟರು ಮುಚ್ಚಿದರು. ಉಜುರು ದಾಖಲಾಗಿದೆ, ಮುಂದಿನ ತಾರೀಖಿಗೆ ನೋಡೋಣ ಎಂದು ಕುದುರೆ ಹತ್ತಿದರು. ಕೈಗೆ ಬಂದ ಹೊಲ ಒಂದು ಪದಕ್ಕಾಗಿ ಹೋಯಿತಲ್ಲ ಎಂದುಕೊಂಡೆ.

ಖಾಜಾಬಿ ಅಳಲಿಲ್ಲ. ಹೆಂಗಸರು ತಂದಿದ್ದ ಗಂಟುಗಳನ್ನು ಬಿಚ್ಚಿದರು. ರೊಟ್ಟಿ ಇರಬಹುದೆಂದು ನಾನು ತಿಳಿದಿದ್ದೆ. ಕುಡುಗೋಲುಗಳಿದ್ದವು. ಅವರು ನೇರ ಕೆರೆಯ ಹಿಂದಿನ ಹೊಲಕ್ಕೆ ನಡೆದು, ಸಾಲು ಹಿಡಿದು ಜೋಳ ಕೊಯ್ಯತೊಡಗಿದರು. ಬಿಸಿಲು ಏರಿತ್ತು. ಒಣಗಿದ ದಂಟು ಮುರಿಯುವ ಸದ್ದು ಏರಿಯವರೆಗೂ ಕೇಳುತ್ತಿತ್ತು.

ಸಂಗಪ್ಪ ಓಡಿಬಂದ. ಹಿಂದೆ ಊರಿನ ಹತ್ತು ಹನ್ನೆರಡು ಗಂಡಸರು. ಅಪ್ಪನನ್ನೂ ಕರೆತಂದಿದ್ದ. ಇದು ಕಳವು, ಪಂಚನಾಮೆ ಬರೆಯಿರಿ ಎಂದು ಹಟ ಹಿಡಿದ.

ಅಪ್ಪ ಬದುವಿನ ಮೇಲೆ ಕೂತು ಕಾಗದ ತೆಗೆದರು. ಲೇಖಣಿಯನ್ನು ಮಸಿಗದ್ದಿದರು. ಆಮೇಲೆ ಬರೆದರು. ಬರೆದದ್ದನ್ನು ಎಲ್ಲರಿಗೂ ಓದಿ ಹೇಳುವುದು ಕಾಯಿದೆ. ಅವರು ಎದ್ದು ನಿಂತು, ಚಾವಡಿಯಲ್ಲಿ ಕೂಗುವ ದನಿಯಲ್ಲಿ ಓದಿದರು: ಕೆರೆ ಹಿಂದಿನ ಹೊಲದ ಜೋಳ ಮೌಲಾಲಿ ಬಿತ್ತಿದ್ದು. ಅವನ ಹೆಂಡತಿ ಖಾಜಾಬಿ ಕೊಯ್ದಳು. ಬಿತ್ತಿದವನು ತಾನೇ ಕೊಯ್ಯದಿರುವುದಕ್ಕೆ ಕಾರಣ, ನಾನು ಹೆಸರು ಓದಿದ ದಿನ ಅವನ ಕತ್ಲ್ ಆಯಿತು.

ಸಂಗಪ್ಪ, "ಇದೇನ್ ಬರದ್ರಿ ರಾಯರ" ಎಂದ.

"ಪಂಚನಾಮೆ ಬೇಕಂದಿ, ಬರದೀನಿ. ಈಗ ಪಂಚರು ಬೇಕು, ಐದು ಮಂದಿ. ಒತ್ತರಿ ಹೆಬ್ಬೆಟ್ಟು."

ಗಂಡಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಒಬ್ಬನಿಗೆ ಎತ್ತು ಕಟ್ಟಬೇಕಿತ್ತು, ಒಬ್ಬನಿಗೆ ಮಕ್ತಲ್‌ನ ಸಂತೆಯಿತ್ತು. ಕೊನೆಗೆ ಸಂಗಪ್ಪನೂ ಬೆನ್ನು ತಿರುಗಿಸಿದ. ಬದುವಿನ ಮೇಲೆ ಉಳಿದವರು ಅಪ್ಪ ಮತ್ತು ನಾನು. ಪಟ್ವಾರಿಯ ಮಗನ ಸಹಿ ನಡೆಯುವುದಿಲ್ಲ. ಆ ಕಾಗದ ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಮಕ್ತಲ್‌ನಲ್ಲೂ ನಾರಾಯಣಪೇಟೆಯಲ್ಲೂ ಹುಡುಕಿಸಿದ್ದೇನೆ, ಸಿಕ್ಕಿಲ್ಲ. ಅಂಥ ಕಾಗದವೇ ಇರಲಿಲ್ಲ ಎನ್ನುವವರೊಡನೆ ನಾನು ವಾದಿಸಲಾರೆ. ಓದುವಾಗ ಅಪ್ಪನ ದನಿ ನಡುಗದಿದ್ದುದು ಮಾತ್ರ ನನಗೆ ನೆನಪಿದೆ.

"ಪಂಚರಿಲ್ಲದ ಕಾಗದಕ್ಕ ಬೆಲಿ ಇಲ್ಲವಾ ಖಾಜಾಬಿ," ಎಂದರು ಅಪ್ಪ. "ಐದು ಮಂದಿ ಆಗಬೇಕು. ಹೆಂಗಸರನ್ನ ಪಂಚರು ಮಾಡೋ ರೂಢಿ ಇಲ್ಲ."

ಖಾಜಾಬಿ ಕುಡುಗೋಲನ್ನು ಕೊಯ್ದ ಜೋಳದ ಸಿವುಡಿನ ಮೇಲಿಟ್ಟು, ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ಬದುವಿಗೆ ಬಂದಳು. ಅವಳ ಹಿಂದೆ ಉಳಿದವರೂ ಸಾಲು ಬಿಟ್ಟು ಬಂದು ನಿಂತರು.

"ಎಣಿಸಿಕೊಳ್ರಿ ರಾಯರ," ಎಂದಳು.

ಅಪ್ಪ ಮಸಿಯ ದೌತಿಯನ್ನು ಅವಳತ್ತ ಸರಿಸಿದರು.